ಲಾಸ್ಟ್ ಕೋಸ್ಟ್‌ನಲ್ಲಿ ನಾಲ್ಕು ದಿನ: ಮೊದಲು ಸಮುದ್ರದ ವೇಳಾಪಟ್ಟಿ, ಆಮೇಲೆ ನಿಮ್ಮ ರಜೆ

ಬೇಸಿಗೆ ಹತ್ತಿರ ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಬೇ ಏರಿಯಾದ ಕನ್ನಡದ ಗೆಳೆಯರಿಂದ ಅದೇ ಪ್ರಶ್ನೆ: "ನಾವು ನಾಲ್ಕೈದು ಜನ ಲಾಸ್ಟ್ ಕೋಸ್ಟ್ ನಡೆಯೋಣ ಅಂತಿದ್ದೇವೆ, ಏನೇನು ಬೇಕು?" ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಮಾಡಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಹೆಗಲಿಗೆ ಚೀಲ ಹಾಕಿಕೊಂಡು ಒಂದೆರಡು ರಾತ್ರಿ ಟೆಂಟಿನಲ್ಲಿ ಕಳೆದ ಅನುಭವ ಇದ್ದವರಿಗೆ ಇದು. ಟೆಂಟಿನಲ್ಲಿ ಒಮ್ಮೆಯೂ ಮಲಗಿಲ್ಲದವರು ಮೊದಲು ಬೇರೆ ಎಲ್ಲಾದರೂ ಒಂದು ರಾತ್ರಿ ಇದ್ದು ಬನ್ನಿ.

ಜಾಗದ ಪರಿಚಯ ಚುಟುಕಾಗಿ. ಕ್ಯಾಲಿಫೋರ್ನಿಯಾದ ಹೈವೇ 1 ಕಡಲಿಗೆ ಅಂಟಿಕೊಂಡೇ ಉತ್ತರಕ್ಕೆ ಹೋಗುವ ರಸ್ತೆ ಅಲ್ವಾ? ಅದು ಒಂದು ಕಡೆ ಸೋತು ಒಳನಾಡಿಗೆ ತಿರುಗುತ್ತದೆ, ಲೆಗೆಟ್ ಎಂಬ ಊರಲ್ಲಿ ಹೈವೇ 101ಕ್ಕೆ ಸೇರಿ ಮುಗಿದೇ ಹೋಗುತ್ತದೆ. ಅಲ್ಲಿಂದ ಮುಂದಿರುವ ರಸ್ತೆಯಿಲ್ಲದ ಕಡಲಂಚೇ ಲಾಸ್ಟ್ ಕೋಸ್ಟ್. ಅಲ್ಲಿ ಕಿಂಗ್ ರೇಂಜ್ ಎಂಬ ಬೆಟ್ಟಸಾಲು ಇದೆ. ರಸ್ತೆ ಕೊರೆಯಲಾರದಷ್ಟು ಕಡಿದು. ಅದರ ತುದಿ ಕಿಂಗ್ ಪೀಕ್ 4,088 ಅಡಿ, ಅಂದರೆ ಸುಮಾರು 1,246 ಮೀಟರ್. ಅಲ್ಲಿಂದ ಸಮುದ್ರ ಬರೀ 3 ಮೈಲಿ. ನಮ್ಮಲ್ಲಿ ಘಟ್ಟ ಇಳಿದ ಮೇಲೆ ಅಡಿಕೆ ತೋಟ, ಗದ್ದೆ, ಊರು, ಪೇಟೆ ಎಲ್ಲ ದಾಟಿ ಕಡಲು ಸಿಗುತ್ತದೆ. ಇಲ್ಲಿ ಆ ನಡುವಿನದ್ದೇನೂ ಇಲ್ಲ. ಬೆಟ್ಟ ಸೀದಾ ನೀರಿಗೆ ಇಳಿಯುತ್ತದೆ.

ನೀವು ನಡೆಯುವುದು ಆ ಬೆಟ್ಟದ ಬುಡದಲ್ಲಿ, ಅಲೆಯ ಪಕ್ಕದಲ್ಲೇ. ಉತ್ತರದ ಮಟೋಲ್ ಬೀಚಿನಿಂದ ದಕ್ಷಿಣದ ಶೆಲ್ಟರ್ ಕೋವ್ ಊರಿನ ಬ್ಲ್ಯಾಕ್ ಸ್ಯಾಂಡ್ಸ್ ಬೀಚಿನವರೆಗೆ ಸುಮಾರು 25 ಮೈಲಿ, ಅಂದರೆ 40 ಕಿಲೋಮೀಟರ್. ಏರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನು ಕೇಳಿಯೇ ಜನ ಮೋಸ ಹೋಗುವುದು. "ಸಮತಟ್ಟು ದಾರಿ, ಎರಡು ದಿನದಲ್ಲಿ ಮುಗಿಸಿಬಿಡೋಣ" ಅಂದುಕೊಂಡು ಬರುತ್ತಾರೆ. ತೆಂಗಿನಕಾಯಿ ಗಾತ್ರದ ನುಣುಪು ಕಲ್ಲುಗಳ ಮೇಲೆ ಬೆನ್ನಿಗೆ 13 ಕಿಲೋ ಹೊತ್ತು ನಡೆದರೆ ಗಂಟೆಗೆ ಒಂದೂವರೆ ಮೈಲಿ ಸಾಗಿದರೂ ಪುಣ್ಯ. ನಾಲ್ಕು ದಿನ, ಮೂರು ರಾತ್ರಿ ಇಟ್ಟುಕೊಳ್ಳಿ. ಮೂರು ದಿನದಲ್ಲಿ ಮುಗಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗೆಳೆಯರ ಗುಂಪು ಅಂದ ಮೇಲೆ ಕೂತು ಹರಟೆ ಹೊಡೆಯುವುದಕ್ಕೂ ಹೊತ್ತು ಬೇಡವೇ?

1. ತಾರೀಖು ನಿರ್ಧರಿಸುವುದು ನೀವಲ್ಲ

ಇಡೀ ಲೇಖನದಲ್ಲಿ ಒಂದನ್ನೇ ಓದುತ್ತೀರಿ ಅಂದರೆ ಇದನ್ನು ಓದಿ.

ಈ ದಾರಿಯಲ್ಲಿ ಉಬ್ಬರ ಬಂದಾಗ ಸಮುದ್ರ ನುಂಗಿಬಿಡುವ ತುಂಡುಗಳಿವೆ. ಇಲ್ಲಿಯವರು ಅವಕ್ಕೆ 'ಇಂಪಾಸಬಲ್ ಝೋನ್' ಅನ್ನುತ್ತಾರೆ. ನೀರು ಬಂದು ಕಡಿದಾದ ಬಂಡೆಗೋಡೆಗೆ ತಾಗುತ್ತದೆ, ನಿಲ್ಲಲು ಜಾಗವೇ ಇರುವುದಿಲ್ಲ. ದೊಡ್ಡವು ಎರಡು. ಮೊದಲನೆಯದು ಸೀ ಲಯನ್ ಗಲ್ಚ್‌ನಿಂದ ರ‍್ಯಾಂಡಲ್ ಕ್ರೀಕ್‌ವರೆಗೆ. ಎರಡನೆಯದು ಮಿಲ್ಲರ್ ಫ್ಲಾಟ್ ದಾಟಿದ ಮೇಲೆ ಗಿಚೆಲ್ ಕ್ರೀಕ್‌ವರೆಗೆ. ಎರಡೂ ಸುಮಾರು 4 ಮೈಲಿ ಉದ್ದ. ಇವುಗಳ ಜೊತೆಗೆ ಪುಂಟಾ ಗೋರ್ಡಾ ಮೂಲೆಯಲ್ಲಿ ಒಂದು ಚಿಕ್ಕ ತುಂಡು ಇದೆ. 'ಗಲ್ಚ್' ಅಂದರೆ ಕಡಿದಾದ ಕೊರಕಲು, 'ಕ್ರೀಕ್' ಅಂದರೆ ಹಳ್ಳ, 'ಫ್ಲಾಟ್' ಅಂದರೆ ಕಡಲಿಗಿಂತ ಸ್ವಲ್ಪ ಎತ್ತರದಲ್ಲಿರುವ ಹುಲ್ಲಿನ ಬಯಲು. ನಕ್ಷೆ ತುಂಬ ಈ ಮೂರು ಪದಗಳೇ ಕಾಣುತ್ತವೆ.

ಅದಕ್ಕೇ ಮೊದಲು ತೆರೆಯಬೇಕಾದ್ದು ಆಫೀಸಿನ ರಜೆಯ ಕ್ಯಾಲೆಂಡರ್ ಅಲ್ಲ, ಉಬ್ಬರ ಇಳಿತದ ಪಟ್ಟಿ. ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ ಇದನ್ನು ಆನ್‌ಲೈನ್‌ನಲ್ಲಿ ಬಿಟ್ಟಿಯಾಗಿ ಕೊಡುತ್ತದೆ. ಶೆಲ್ಟರ್ ಕೋವ್ ಹೆಸರಿನ ಪಟ್ಟಿಯನ್ನೇ ತೆಗೆದುಕೊಳ್ಳಿ, ಸ್ಯಾನ್ ಫ್ರಾನ್ಸಿಸ್ಕೋದ್ದು ಇಲ್ಲಿಗೆ ನಡೆಯಲ್ಲ.

ಪಟ್ಟಿ ಓದುವುದು ಹೇಗೆ? ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡು ಇಳಿತಗಳೂ ಒಂದೇ ಮಟ್ಟದವಲ್ಲ, ಒಂದು ಜಾಸ್ತಿ ಇಳಿಯುತ್ತದೆ, ಇನ್ನೊಂದು ಅರೆಮನಸ್ಸಿನಲ್ಲಿ ಇಳಿಯುತ್ತದೆ. ನಮಗೆ ಬೇಕಾದ್ದು ಜಾಸ್ತಿ ಇಳಿಯುವುದು. ಬೇಸಿಗೆಯಲ್ಲಿ ಅದು ಹೆಚ್ಚಾಗಿ ಬೆಳಗಿನ ಹೊತ್ತು ಬರುತ್ತದೆ, ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತಾ ಹೋಗುತ್ತದೆ.

ಒಂದು ದಿನದ ಪಟ್ಟಿ ಹೀಗಿದೆ ಅನ್ನಿ. ಬೆಳಗಿನ ಜಾವ 2:50ಕ್ಕೆ ಉಬ್ಬರ, 5.2 ಅಡಿ. 9:10ಕ್ಕೆ ಇಳಿತ, 0.4 ಅಡಿ. ಮಧ್ಯಾಹ್ನ 3:50ಕ್ಕೆ ಮತ್ತೆ ಉಬ್ಬರ, 4.5 ಅಡಿ. ನೆನಪಿಡಬೇಕಾದ ಅಂಕಿ 3 ಅಡಿ. ಅದಕ್ಕಿಂತ ಮೇಲಿದ್ದರೆ ಆ ತುಂಡುಗಳಿಗೆ ಕಾಲಿಡಬಾರದು. ಈ ಲೆಕ್ಕದಲ್ಲಿ ನೀರು 3 ಅಡಿಯ ಕೆಳಗಿರುವುದು ಹೆಚ್ಚುಕಮ್ಮಿ ಬೆಳಿಗ್ಗೆ 6ರಿಂದ ಮಧ್ಯಾಹ್ನ 1ರವರೆಗೆ. ಏಳು ಗಂಟೆ ಇದೆಯಲ್ಲ ಅಂತ 10 ಗಂಟೆಗೆ ಹೊರಡಬೇಡಿ. ನೀರು ಇಳಿಯುತ್ತಿರುವಾಗ ಹೊರಡಬೇಕು, ಏರುವುದಕ್ಕೆ ಶುರುವಾಗಿ ಸ್ವಲ್ಪ ಹೊತ್ತಿನೊಳಗೆ ಆಚೆ ಇರಬೇಕು. 4 ಮೈಲಿ ದಾಟಲು ಗುಂಪಿಗೆ ಮೂರರಿಂದ ನಾಲ್ಕು ಗಂಟೆ ಹಿಡಿಯಿರಿ. 6:30ಕ್ಕೆ ಹೊರಟರೆ 10:30ಕ್ಕೆ ಆಚೆ. ಯಾರದ್ದಾದರೂ ಕಾಲು ಉಳುಕಿದರೆ ಆಗ ಉಳಿದ ಆ ಎರಡೂವರೆ ಗಂಟೆಯ ಬೆಲೆ ಗೊತ್ತಾಗುತ್ತದೆ.

ಮೊದಲ ಸಲ ನಾವು ಇದನ್ನು ತಿರುಗಾಮುರುಗಾ ಮಾಡಿದ್ದೆವು. ಲಾಂಗ್ ವೀಕೆಂಡ್ ನೋಡಿ ತಾರೀಖು ಹಾಕಿ, ಇಳಿತ ಎಷ್ಟೊತ್ತಿಗೆ ಅಂತ ಹಿಂದಿನ ರಾತ್ರಿ ನೋಡಿದೆವು. ಒಳ್ಳೆಯ ಇಳಿತ ಇದ್ದದ್ದು ನಸುಕಿನ 4 ಗಂಟೆಗೆ. ಕತ್ತಲಲ್ಲಿ ಹೋಗುವ ಧೈರ್ಯ ಇಲ್ಲ, ಬೆಳಕಾದ ಮೇಲೆ ದಾರಿ ಇಲ್ಲ. ಸೀ ಲಯನ್ ಗಲ್ಚ್‌ನಲ್ಲಿ ಅರ್ಧ ದಿನ ಕೂತು ಇಸ್ಪೀಟು ಆಡಿದೆವು.

ಎರಡು ಎಚ್ಚರಿಕೆ ಇವೆ. ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರಲ್ಲ, ಕೆಲವು ಅಚ್ಚಾದ ಪಟ್ಟಿಗಳು ಆ ಒಂದು ಗಂಟೆಯನ್ನು ಸೇರಿಸಿರುವುದಿಲ್ಲ, ಯಾವ ಸಮಯದ ಲೆಕ್ಕ ಅಂತ ನೋಡಿಕೊಳ್ಳಿ. ಇನ್ನೊಂದು, ಪಟ್ಟಿ ಹೇಳುವುದು ನೀರಿನ ಮಟ್ಟವನ್ನು ಮಾತ್ರ, ಅಲೆಯ ಎತ್ತರವನ್ನಲ್ಲ. ದೂರದ ಬಿರುಗಾಳಿ ಎಬ್ಬಿಸಿದ ಭಾರಿ ಅಲೆಗಳಿಗೆ 'ಸ್ವೆಲ್' ಅನ್ನುತ್ತಾರೆ. ಸ್ವೆಲ್ ಜೋರಾಗಿದ್ದರೆ ಇಳಿತದಲ್ಲೂ ದಾರಿ ಮುಚ್ಚಿಹೋಗುತ್ತದೆ. ಹೊರಡುವ ಎರಡು ದಿನ ಮುಂಚೆಯಿಂದ ಯುರೇಕಾ ಹವಾಮಾನ ಕಚೇರಿಯ ಸಮುದ್ರದ ಮುನ್ಸೂಚನೆ ನೋಡುತ್ತಿರಿ.

ಋತುವಿನ ಬಗ್ಗೆಯೂ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು. ಚಳಿಗಾಲದಲ್ಲಿ ಈ ಬೆಟ್ಟಗಳ ಮೇಲೆ ಸುರಿಯುವ ಮಳೆಗೆ ವರ್ಷದ ಲೆಕ್ಕ 100 ಇಂಚು ದಾಟುತ್ತದೆ. ಆಗುಂಬೆ ನೋಡಿದವರು ಇಷ್ಟೇನಾ ಅನ್ನಬಹುದು. ಆದರೆ ಇಲ್ಲಿ ಹಳ್ಳಗಳಿಗೆ ಸೇತುವೆ ಇಲ್ಲ. ಮಳೆ ಬಂದಾಗ ಹಳ್ಳ ದಾಟಲಾಗದೆ, ಹಿಂದೆಯೂ ಹೋಗಲಾಗದೆ ನಡುವೆ ಸಿಕ್ಕಿಬೀಳುತ್ತೀರಿ.

2. ಪರ್ಮಿಟ್

ಈ ಪ್ರದೇಶವನ್ನು ನೋಡಿಕೊಳ್ಳುವುದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರ ಬಾಯಲ್ಲಿ ಬಿಎಲ್‌ಎಂ. 1970ರಲ್ಲಿ ಇದನ್ನು ಸಂರಕ್ಷಿತ ಪ್ರದೇಶ ಮಾಡಿದರು. ರಾತ್ರಿ ತಂಗಲು ಪರ್ಮಿಟ್ ಬೇಕೇ ಬೇಕು, ರಿಕ್ರಿಯೇಶನ್ ಡಾಟ್ ಗವ್ ತಾಣದಲ್ಲಿ ಮುಂಗಡ ತೆಗೆದುಕೊಳ್ಳಬೇಕು. ಅಲ್ಲಿಗೆ ಹೋಗಿ ಕೇಳಿಕೊಂಡರೆ ಕೊಡುತ್ತಾರೆ ಅನ್ನುವ ಮಾತಿಲ್ಲ. ದಿನಕ್ಕೆ ಬೇಸಿಗೆಯಲ್ಲಿ 60, ಉಳಿದ ಕಾಲದಲ್ಲಿ 30 ಜನಕ್ಕೆ ಮಾತ್ರ ಅವಕಾಶ. ಶುಕ್ರವಾರ, ಶನಿವಾರ ಬೇಗ ಮುಗಿದುಹೋಗುತ್ತವೆ. ಒಳ್ಳೆಯ ಇಳಿತ ಇರುವ ಮೂರು ನಾಲ್ಕು ತಾರೀಖು ಗುರುತು ಹಾಕಿಕೊಂಡು ಕೂತರೆ ಮಂಗಳವಾರವೋ ಬುಧವಾರವೋ ಸಿಕ್ಕೇ ಸಿಗುತ್ತದೆ. ಪರ್ಮಿಟ್ ಯಾರ ಹೆಸರಲ್ಲಿದೆಯೋ ಅವರು ಜೊತೆಯಲ್ಲಿ ಇರಬೇಕು, ಆದ್ದರಿಂದ ಕೊನೇ ಗಳಿಗೆಯಲ್ಲಿ "ಆಫೀಸಲ್ಲಿ ರಿಲೀಸ್ ಇದೆ ಮಚ್ಚಾ" ಅನ್ನುವ ಗೆಳೆಯನ ಹೆಸರಲ್ಲಿ ಮಾತ್ರ ತೆಗೆಯಬೇಡಿ.

ಅಡುಗೆಗೆ ಗ್ಯಾಸ್ ಸ್ಟವ್ ಹಚ್ಚಲೂ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ, ದುಡ್ಡಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಸೌದೆ ಬೆಂಕಿ ಹೆಚ್ಚಾಗಿ ನಿಷೇಧದಲ್ಲಿರುತ್ತದೆ, ಆ ವಾರದ ನಿಯಮ ನೋಡಿಕೊಂಡು ಹೊರಡಿ. ಎಲ್ಲ ಕಾಗದವನ್ನೂ ಪ್ರಿಂಟ್ ತೆಗೆದುಕೊಳ್ಳಿ, ದಾರಿಯಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ.

3. ಜೊತೆಗೆ ಯಾರು?

ನಾಲ್ಕು ಜನ ಸರಿಯಾದ ಸಂಖ್ಯೆ. ಎರಡು ಟೆಂಟು, ಒಂದು ಕಾರು, ಒಬ್ಬರಿಗೆ ಏನಾದರೂ ಆದರೆ ಒಬ್ಬರು ಜೊತೆಗಿದ್ದು ಇಬ್ಬರು ಸಹಾಯಕ್ಕೆ ಹೋಗಬಹುದು. ಆರು ದಾಟಿದರೆ ಟೆಂಟ್ ಹಾಕುವ ಜಾಗ ಹುಡುಕುವುದೇ ಕಷ್ಟ.

ಹೊರಡುವ ಮುಂಚೆ ಒಂದು ಸಂಜೆ ಎಲ್ಲರೂ ಕೂತು ಮೂರು ವಿಷಯ ಮಾತಾಡಿಕೊಳ್ಳಿ. ನಿಧಾನ ನಡೆಯುವವರು ಮುಂದೆ, ಗಟ್ಟಿಗರು ಹಿಂದೆ. ಝೋನ್ ಒಳಗೆ ಯಾರೂ ಇನ್ನೊಬ್ಬರ ಕಣ್ಣಿಂದ ಮರೆಯಾಗಬಾರದು. ಮೂರನೆಯದು ಮುಖ್ಯ: ನೀರಿನ ಮುಂದೆ ನಿಂತಾಗ ಒಬ್ಬರು "ಬೇಡ" ಅಂದರೂ ಎಲ್ಲರೂ ನಿಲ್ಲಬೇಕು. ಬಹುಮತ ಲೆಕ್ಕಕ್ಕಿಲ್ಲ. ಇದನ್ನು ಮನೆಯಲ್ಲೇ ಒಪ್ಪಿಕೊಂಡಿದ್ದರೆ ಅಲ್ಲಿ "ಪುಕ್ಕಲ" ಅನ್ನುವ ಮಾತು ಬರುವುದಿಲ್ಲ.

4. ಕಾರು ಎಲ್ಲಿ ಬಿಡುವುದು

ನಡೆಯಬೇಕಾದ್ದು ಉತ್ತರದಿಂದ ದಕ್ಷಿಣಕ್ಕೆ. ಬೇಸಿಗೆಯಲ್ಲಿ ಗಾಳಿ ವಾಯವ್ಯದಿಂದ ಬೀಸುತ್ತದೆ. ಮಧ್ಯಾಹ್ನದ ಮೇಲೆ ಅದರ ಜೋರು ಹೇಳತೀರದು, ಮರಳು ಎತ್ತಿ ಮುಖಕ್ಕೆ ಹೊಡೆಯುತ್ತದೆ. ಅದು ಬೆನ್ನಿಗಿದ್ದರೆ ಒಳ್ಳೆಯದು.

ಕಾರನ್ನು ಬಿಡಬೇಕಾದ್ದು ಮಾತ್ರ ದಕ್ಷಿಣದ ತುದಿಯಲ್ಲಿ, ಬ್ಲ್ಯಾಕ್ ಸ್ಯಾಂಡ್ಸ್ ಬೀಚಿನಲ್ಲಿ. ಅಲ್ಲಿಂದ ಬಾಡಿಗೆ ಶಟಲ್ ವ್ಯಾನ್ ಹಿಡಿದು ಮಟೋಲ್‌ಗೆ ಹೋಗಿ, ನಿಮ್ಮದೇ ಕಾರಿನ ಕಡೆಗೆ ನಡೆದು ಬರುವುದು. ನಡಿಗೆ ಬೇಗ ಮುಗಿದರೂ ತಡವಾದರೂ ಯಾರಿಗೂ ಕಾಯಬೇಕಿಲ್ಲ. ಶಟಲ್ ದಾರಿ ಎರಡು ಗಂಟೆಯ ತಿರುವು ಮುರುವು, ಹೊಟ್ಟೆ ತೊಳಸುವವರು ಮುಂದಿನ ಸೀಟು ಕೇಳಿ ಹಿಡಿಯಿರಿ. ಪರ್ಮಿಟ್ ಸಿಕ್ಕ ದಿನವೇ ಶಟಲ್ ಕೂಡ ಬುಕ್ ಮಾಡಿ.

"ಎರಡು ಕಾರು ಒಯ್ದರೆ ಶಟಲ್ ದುಡ್ಡು ಉಳಿಯುತ್ತಲ್ಲ?" ಅಂತ ಪ್ರತಿ ಸಲ ಒಬ್ಬರು ಕೇಳುತ್ತಾರೆ. ಉಳಿಯುತ್ತದೆ. ಆದರೆ ನಾಲ್ಕು ದಿನ ನಡೆದು ಸುಸ್ತಾದವರು ಮತ್ತೆ ಎರಡು ಗಂಟೆ ಆ ತಿರುವುಗಳಲ್ಲಿ ಹೋಗಿ, ಮೊದಲ ಕಾರು ತೆಗೆದುಕೊಂಡು, ಅಲ್ಲಿಂದ ಮನೆಯವರೆಗೆ ಓಡಿಸಬೇಕು. ನನ್ನ ಮಟ್ಟಿಗೆ ಬೇಡ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಶೆಲ್ಟರ್ ಕೋವ್ ಸುಮಾರು 230 ಮೈಲಿ, ಐದು ಗಂಟೆ. ಗಾರ್ಬರ್‌ವಿಲ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ. ಹಿಂದಿನ ರಾತ್ರಿಯೇ ಶೆಲ್ಟರ್ ಕೋವ್ ಸೇರಿಕೊಳ್ಳಿ. ಬೆಳಿಗ್ಗೆ ಮನೆಯಿಂದ ಹೊರಟು ಶಟಲ್ ಹಿಡಿಯುತ್ತೇವೆ ಅನ್ನುವುದು ಆಗದ ಮಾತು.

5. ಕರಡಿ ಡಬ್ಬ ತುಂಬುವುದು

ಟೆಂಟು, ಮಲಗುವ ಚೀಲ, ಬೆಚ್ಚಗಿನ ಜಾಕೆಟ್, ಮಳೆ ಜಾಕೆಟ್, ಹೆಡ್‌ಲ್ಯಾಂಪ್ ಎಲ್ಲ ನಿಮಗೆ ಗೊತ್ತಿರುವುದೇ. ಇಲ್ಲಿಗೆ ಬೇಕಾದ ವಿಶೇಷಗಳನ್ನು ಮಾತ್ರ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಬೇರ್ ಕ್ಯಾನಿಸ್ಟರ್. ಕರಡಿಗೆ ತೆಗೆಯಲು ಬಾರದ, ಗಟ್ಟಿ ಪ್ಲಾಸ್ಟಿಕ್ಕಿನ ದೊಡ್ಡ ಡಬ್ಬ. ಇಲ್ಲಿ ಕಡ್ಡಾಯ, ಇಲ್ಲದಿದ್ದರೆ ದಂಡ. ಕಪ್ಪು ಕರಡಿಗಳು ಬೀಚಿಗೇ ಇಳಿದು ಬರುತ್ತವೆ. ಸ್ವಂತದ್ದು ಕೊಳ್ಳಬೇಕಿಲ್ಲ, ಬಾಡಿಗೆಗೆ ಸಿಗುತ್ತದೆ. ಒಬ್ಬರಿಗೆ ಒಂದು ಡಬ್ಬ ಅಂತ ಹಿಡಿಯಿರಿ.

ಇದಕ್ಕೆ ತೂಕ ದೊಡ್ಡ ಸಮಸ್ಯೆ ಅಲ್ಲ, ಜಾಗ ಸಮಸ್ಯೆ. ನಮ್ಮ ಊಟದ ಸಾಮಾನು ತುಂಬಿಸುವಾಗ ಅದು ಗೊತ್ತಾಗುತ್ತದೆ. ಚಕ್ಕುಲಿ, ಕೋಡುಬಳೆ ಹಾಕಿ ನೋಡಿ, ಡಬ್ಬದೊಳಗೆ ಅರ್ಧ ಗಾಳಿಯೇ. ಮಂಡಕ್ಕಿಯಂತೂ ಕೇಳಲೇಬೇಡಿ. ನಿಪ್ಪಟ್ಟು ಸರಿ, ನಾಣ್ಯದ ಹಾಗೆ ಒಂದರ ಮೇಲೊಂದು ಕೂರುತ್ತದೆ. ಗೊಜ್ಜವಲಕ್ಕಿಗೆ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ, ಹುಣಸೆ ಗೊಜ್ಜಿನ ಪುಡಿ, ಬೆಲ್ಲ, ಒಣಕೊಬ್ಬರಿ ಬೆರೆಸಿ ಜಿಪ್ ಚೀಲಕ್ಕೆ ಹಾಕಿ, ಚಪ್ಪಟೆ ಒತ್ತಿ ಗಾಳಿ ತೆಗೆದು ಮುಚ್ಚಿ. ಬಿಸಿನೀರು ಸುರಿದು ಹತ್ತು ನಿಮಿಷ ಬಿಟ್ಟರೆ ಊಟ. ಒಗ್ಗರಣೆ ಹಾಕಿ ಹುರಿದ ರವೆಯನ್ನೂ ಹೀಗೇ ಒಯ್ಯಬಹುದು. ಚಟ್ನಿಪುಡಿ, ತುಪ್ಪದ ಪುಟ್ಟ ಬಾಟಲಿ, ಮೂರನೇ ದಿನಕ್ಕೆ ಅದೇ ಜೀವ. ಕೊನೆಯ ದಿನದ್ದು ತಳದಲ್ಲಿ, ಮೊದಲ ದಿನದ್ದು ಮೇಲೆ. ಮೊದಲ ಮಧ್ಯಾಹ್ನದ ಚಪಾತಿ ಡಬ್ಬಕ್ಕೆ ಹೋಗುವುದೇ ಬೇಡ, ತಿಂದು ಮುಗಿಸುತ್ತೀರಿ.

ಜನ ಎಡವುವುದು ಎಲ್ಲಿ ಅಂದರೆ, ಡಬ್ಬ ಊಟಕ್ಕೆ ಮಾತ್ರ ಅಂದುಕೊಳ್ಳುವುದರಲ್ಲಿ. ವಾಸನೆ ಇರುವುದೆಲ್ಲ ರಾತ್ರಿ ಒಳಗೆ ಹೋಗಬೇಕು. ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ತೆಂಗಿನೆಣ್ಣೆ, ಕಸದ ಚೀಲ. ಹಣೆಗೆ ಹಚ್ಚುವ ಅಮೃತಾಂಜನವೂ. ಆದ್ದರಿಂದ ಮನೆಯಲ್ಲೇ ತುಂಬಿಸುವಾಗ ಅಂಗೈ ಎರಡು ಸೇರಿಸಿದಷ್ಟು ಜಾಗ ಖಾಲಿ ಬಿಡಿ. ರಾತ್ರಿ ಡಬ್ಬವನ್ನು ಟೆಂಟಿನಿಂದ ದೂರ, ನೀರಿಗೆ ಉರುಳಿಹೋಗದ ಜಾಗದಲ್ಲಿಡಿ.

ಕಾಲಿಗೆ ಹಿಮ್ಮಡಿ ಗಟ್ಟಿ ಹಿಡಿಯುವ, ಈಗಾಗಲೇ ಪಳಗಿದ ಶೂ. ಹೊಸದು ಬೇಡ. ಶೂ ಬಾಯಿ ಮುಚ್ಚುವ ಗೇಟರ್ ಎಂಬ ಬಟ್ಟೆಪಟ್ಟಿ ಬರುತ್ತದೆ, ಅದನ್ನು ಹಾಕಿದರೆ ಮರಳು ಒಳಗೆ ಹೋಗುವುದಿಲ್ಲ. ಮರಳು ಮತ್ತು ಒದ್ದೆ ಸಾಕ್ಸ್ ಸೇರಿದರೆ ಕಾಲಲ್ಲಿ ಬೊಕ್ಕೆ ಗ್ಯಾರಂಟಿ. ಚುರುಕ್ ಅಂದ ಕೂಡಲೇ ನಿಂತು ಟೇಪ್ ಹಾಕಿ, ಮುಂದಿನ ಹಳ್ಳದಲ್ಲಿ ನೋಡೋಣ ಅನ್ನಬೇಡಿ. ಎರಡು ಕೋಲು ಇರಲಿ, ಕಲ್ಲುಗಳ ಮೇಲೆ ಅವೇ ಮೂರನೇ, ನಾಲ್ಕನೇ ಕಾಲು.

ನೀರು ಹೊರುವ ಕಷ್ಟ ಇಲ್ಲ, ಹೆಜ್ಜೆಹೆಜ್ಜೆಗೂ ಹಳ್ಳ. ಆದರೆ ಫಿಲ್ಟರ್ ಮಾಡದೆ ಕುಡಿಯಬೇಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಗುಂಪಿಗೆ ಒಂದು ಇರಲಿ. ಕಾಗದದ ನಕ್ಷೆಯೂ, ಪ್ರಿಂಟ್ ಮಾಡಿದ ಇಳಿತದ ಪಟ್ಟಿಯೂ ಪ್ಲಾಸ್ಟಿಕ್ ಚೀಲದಲ್ಲಿ ಇಬ್ಬರ ಹತ್ತಿರ ಇರಲಿ.

6. ನಾಲ್ಕು ದಿನ

ಈ ಯೋಜನೆಯ ಗುಟ್ಟು ಒಂದೇ: ಎರಡೂ ಝೋನ್‌ಗಳ ಹೊಸಿಲಲ್ಲಿ ಮಲಗುವುದು, ಬೆಳಿಗ್ಗೆ ಎದ್ದು ದಾಟುವುದು.

ಮೊದಲ ದಿನ. ಶಟಲ್ ಇಳಿಯುವಾಗ ಹೊತ್ತು ಏರಿರುತ್ತದೆ. ಮಟೋಲ್‌ನಿಂದ ಸೀ ಲಯನ್ ಗಲ್ಚ್ ನಾಲ್ಕೂವರೆ ಮೈಲಿ. ಶುರುವಿನಲ್ಲೇ ಮೆತ್ತನೆ ಮರಳು, ಹುಮ್ಮಸ್ಸೆಲ್ಲ ಅಲ್ಲೇ ಅರ್ಧ ಇಳಿಯುತ್ತದೆ. ನೀರಿನ ಅಂಚಿನ ಗಟ್ಟಿ ಮರಳಿನ ಮೇಲೆ ನಡೆಯಬೇಕು ಅನ್ನಿಸುತ್ತದೆ, ಆದರೆ ಕಣ್ಣು ಸಮುದ್ರದ ಮೇಲಿರಲಿ. ಮೂರು ಮೈಲಿ ದಾಟಿದ ಮೇಲೆ ಪುಂಟಾ ಗೋರ್ಡಾ ದೀಪಸ್ತಂಭ. 1912ರಲ್ಲಿ ಹಚ್ಚಿದ ದೀಪ, 1951ರಲ್ಲಿ ಆರಿಸಿದರು. ಮೋಟು ಕಟ್ಟಡ, ತುಕ್ಕು ಹಿಡಿದ ಮೆಟ್ಟಿಲು. ಅದರ ಮುಂದೆ ಮರದ ದಿಮ್ಮಿಗಳ ಹಾಗೆ ಬಿದ್ದುಕೊಂಡಿರುವುವು ದಿಮ್ಮಿಗಳಲ್ಲ, ಎಲಿಫೆಂಟ್ ಸೀಲ್ ಎಂಬ ದೈತ್ಯ ಕಡಲಪ್ರಾಣಿಗಳು. ಸೆಲ್ಫಿಗೆಂದು ಹತ್ತಿರ ಹೋಗಬೇಡಿ. ಮೈ ಭಾರ ಇದ್ದರೂ ನುಗ್ಗಿದರೆ ನಿಮಗಿಂತ ಜೋರು. ದಾರಿಗೆ ಅಡ್ಡ ಮಲಗಿದ್ದರೆ ಮೇಲಿನ ಹುಲ್ಲಿನ ಕಡೆಯಿಂದ ದೊಡ್ಡ ಸುತ್ತು ಹಾಕಿ.

ಸಂಜೆ ಟೆಂಟ್ ಹಾಕುವಾಗ ಗೂಟ ಮರಳಲ್ಲಿ ನಿಲ್ಲುವುದಿಲ್ಲ. ದಾರವನ್ನು ಉದ್ದ ಕಲ್ಲಿಗೋ ತೇಲಿಬಂದ ಮರದ ತುಂಡಿಗೋ ಕಟ್ಟಿ ಮರಳೊಳಗೆ ಹೂತುಬಿಡಿ. ಒಣಗಿದ ಕಡಲಪಾಚಿಯ ಗೆರೆ ಕಾಣುತ್ತದಲ್ಲ, ಉಬ್ಬರ ಅಲ್ಲಿಯವರೆಗೆ ಬಂದುಹೋಗಿದೆ ಅಂತ ಅರ್ಥ. ಅದಕ್ಕಿಂತ ಸಾಕಷ್ಟು ಮೇಲೆ, ಬೇರೆಯವರು ಈಗಾಗಲೇ ಬಳಸಿದ ಜಾಗದಲ್ಲೇ ಮಲಗಿ.

ಎರಡನೇ ದಿನ. ಮೊದಲ ಝೋನ್. ಐದಕ್ಕೆ ಎದ್ದು ಕಾಫಿ ಕುಡಿದು ಸುಮ್ನೆ ಹೊರಟುಬಿಡಿ, ತಿಂಡಿ ಆಚೆ ಕಡೆ ಮಾಡಿಕೊಳ್ಳೋಣ. ಹೋದ ಕೂಡಲೇ ಬಂಡೆ ಶುರು. ಒದ್ದೆ ಕಪ್ಪು ಕಲ್ಲು, ಪಾಚಿ ಇದ್ದ ಕಲ್ಲು ಎರಡನ್ನೂ ನಂಬಬೇಡಿ. ಕಾಲಿಡುವ ಮುಂಚೆ ಕೋಲಿನಿಂದ ಒತ್ತಿ ನೋಡಿ. ಅಲೆ ಹಿಂದೆ ಸರಿಯುವಾಗ ಸಾವಿರಾರು ಉರುಟು ಕಲ್ಲು ಒಟ್ಟಿಗೆ ಉರುಳುವ ಸದ್ದು ಬರುತ್ತದೆ, ಕಂಚಿನ ಕೊಳಗದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ. ಕೇಳಲು ಚಂದ. ಆ ಸದ್ದು ಇದ್ದಕ್ಕಿದ್ದ ಹಾಗೆ ಉದ್ದವಾಯಿತು ಅಂದರೆ ನೀರು ದೂರ ಸರಿಯುತ್ತಿದೆ, ದೊಡ್ಡದೊಂದು ಬರುತ್ತಿರಬಹುದು. ತಲೆ ಎತ್ತಿ ನೋಡಿ.

ಹೀಗೆ ಹೇಳದೆ ಕೇಳದೆ ಬರುವ ದೊಡ್ಡ ಅಲೆಗೆ 'ಸ್ನೀಕರ್ ವೇವ್' ಅನ್ನುತ್ತಾರೆ, ನಾನು ಕಳ್ಳ ಅಲೆ ಅನ್ನುತ್ತೇನೆ. ಹತ್ತಿಪ್ಪತ್ತು ನಿಮಿಷ ಎಲ್ಲ ಸಣ್ಣ ಅಲೆ, ಆಮೇಲೆ ಒಂದು ಮಾತ್ರ ಬೀಚಿನ ತುದಿಯವರೆಗೆ. ಉತ್ತರ ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ಇದಕ್ಕೆ ಜೀವ ಕಳೆದುಕೊಂಡವರಿದ್ದಾರೆ. ನೀರು ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್, ಬಿದ್ದರೆ ಕೈಕಾಲು ನಿಮಿಷಗಳಲ್ಲಿ ಮರಗಟ್ಟುತ್ತವೆ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ, ಫೋಟೋ ತೆಗೆಸಿಕೊಳ್ಳುವಾಗಲಂತೂ ಬೇಡವೇ ಬೇಡ. ಈಜುವ ಆಸೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ನಡುವೆ ಕೂಸ್ಕಿ ಕ್ರೀಕ್ ಬರುತ್ತದೆ. ಹೊತ್ತು ಮೀರಿದೆ ಅನ್ನಿಸಿದರೆ ಅಲ್ಲಿ ಒಳಗೆ ಹತ್ತಿ ಮುಂದಿನ ಇಳಿತದವರೆಗೆ ಕಾಯಬಹುದು. ರ‍್ಯಾಂಡಲ್ ಕ್ರೀಕ್ ಮುಟ್ಟಿದರೆ ಮೊದಲ ಗಂಡಾಂತರ ಕಳೆದ ಹಾಗೆ. ತಿಂಡಿ ತಿಂದು, ಸಾಕ್ಸ್ ಒಣಗಿಸಿ, ಮಧ್ಯಾಹ್ನ ಸ್ಪ್ಯಾನಿಶ್ ಫ್ಲಾಟ್‌ನ ಹುಲ್ಲು ಬಯಲಲ್ಲಿ ಆರಾಮಾಗಿ ನಡೆದು ಯಾವುದಾದರೂ ಹಳ್ಳದ ಬಾಯಲ್ಲಿ ತಂಗಿ.

ಮೂರನೇ ದಿನ ಮಿಲ್ಲರ್ ಫ್ಲಾಟ್‌ಗೆ ಅಂಟಿಕೊಂಡಿರುವ ಬಿಗ್ ಫ್ಲಾಟ್‌ವರೆಗೆ ಏಳು ಮೈಲಿ ಹತ್ತಿರ. ಝೋನ್ ಇಲ್ಲ, ಅವಸರ ಇಲ್ಲ. ಬಿಗ್ ಫ್ಲಾಟ್‌ನಲ್ಲಿ ಒಂದು ಮನೆ, ಪುಟ್ಟ ವಿಮಾನಪಟ್ಟಿ ಇವೆ, ಖಾಸಗಿಯವರದ್ದು, ಒಳಗೆ ಹೋಗಬೇಡಿ.

ಹುಲ್ಲು ದಾರಿಯ ಎಚ್ಚರಿಕೆಗಳು ಬೇರೆ. ಮೂರು ಮೂರು ಎಲೆಯ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಪೊದೆ ಕಂಡರೆ ಮುಟ್ಟಬೇಡಿ, ಅದು ಪಾಯ್ಸನ್ ಓಕ್. ನಮ್ಮ ಮಾವು, ಗೇರು, ಚೇರು ಇವುಗಳ ಬಳಗದ್ದೇ. ಮಾವಿನ ಸೊನೆ ತಾಗಿ ಬಾಯಿ ಹುಣ್ಣಾದವರಿಗೆ ಅರ್ಥವಾಗುತ್ತದೆ, ಇದು ಅದರ ಹತ್ತು ಪಟ್ಟು. ಇನ್ನೊಂದು ಉಣ್ಣಿ. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದ ಉಣ್ಣಿಯ ಭಯ ಹೇಳಿಕೊಡಬೇಕಿಲ್ಲ, ಇಲ್ಲಿಯದು ಹರಡುವುದು ಲೈಮ್ ಕಾಯಿಲೆ. ತಿಳಿಬಣ್ಣದ ಪ್ಯಾಂಟ್ ಹಾಕಿ, ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ಪ್ರತಿ ಸಂಜೆ ಒಬ್ಬರ ಬೆನ್ನು ಇನ್ನೊಬ್ಬರು ನೋಡಿ. ಮರದ ತುಂಡು ಎತ್ತುವಾಗ ಕೈ ಹಾಕುವ ಮೊದಲು ಕೋಲು ಹಾಕಿ, ಬುಡುಬುಡಿಕೆ ಬಾಲದ ರ‍್ಯಾಟಲ್ ಹಾವು ಅಡಿಯಲ್ಲಿ ಮಲಗಿರಬಹುದು.

ಎಲ್ಲರೂ ಗುಟ್ಟಾಗಿ ಕೇಳುವ ಪ್ರಶ್ನೆ: ಬೆಳಗಿನ ಕೆಲಸ? ಕಾಡಿನ ನಿಯಮ ಇಲ್ಲಿ ನಡೆಯಲ್ಲ. ಹಳ್ಳದಿಂದ ದೂರ, ಉಬ್ಬರದ ಗೆರೆಗಿಂತ ಕೆಳಗೆ, ಒದ್ದೆ ಮರಳಲ್ಲಿ ಗೇಣುದ್ದ ಗುಂಡಿ ತೋಡಿ ಮುಚ್ಚುವುದು. ಬಿಎಲ್‌ಎಂ ಹೇಳುವುದೂ ಇದನ್ನೇ. ಕಾಗದ ಮಾತ್ರ ಚೀಲದಲ್ಲಿ ವಾಪಸ್ ತರಬೇಕು. ತಂಬಿಗೆ ನೀರಿನ ಅಭ್ಯಾಸ ಇದ್ದವರಿಗೆ ಆ ತಾಪತ್ರಯವೂ ಇಲ್ಲ.

ನಾಲ್ಕನೇ ದಿನ. ಎರಡನೇ ಝೋನ್. ಎರಡು ದಿನ ಕಳೆದಿರುವುದರಿಂದ ಇಳಿತ ಸುಮಾರು ಒಂದೂ ಮುಕ್ಕಾಲು ಗಂಟೆ ಮುಂದೆ ಹೋಗಿರುತ್ತದೆ, ಪಟ್ಟಿ ಮತ್ತೆ ನೋಡಿ. ಮೊದಲನೆಯದನ್ನು ದಾಟಿದ ಧೈರ್ಯ, ಕಾರು ಹತ್ತಿರವಾದ ಅವಸರ, ಎರಡೂ ಸೇರಿ ಜನ ತಪ್ಪು ಮಾಡುವುದು ಇಲ್ಲೇ. "ಇನ್ನರ್ಧ ಗಂಟೆ ತಾನೆ, ಓಡಿಬಿಡೋಣ" ಅನ್ನುವ ಮಾತು ಬಂದರೆ ಕೂತುಬಿಡಿ. ನಡುವೆ ಶಿಪ್‌ಮನ್, ಬಕ್ ಎಂಬ ಎರಡು ಹಳ್ಳ ಇವೆ. ಕಾಯಬೇಕಾಗಿ ಬಂದರೆ ಅಲ್ಲಿ ಕಾಯಬಹುದು.

ಗಿಚೆಲ್ ದಾಟಿದ ಮೇಲೆ ಉಳಿದದ್ದು ಮೂರೂವರೆ ಮೈಲಿ. ನೀರಿನ ಭಯ ಕಡಿಮೆ, ಕಾಲಿನ ಕಷ್ಟ ಜಾಸ್ತಿ. ಕಪ್ಪು ದಪ್ಪ ಮರಳು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ದೂರದಲ್ಲಿ ಶೆಲ್ಟರ್ ಕೋವ್‌ನ ಮನೆಗಳು ಕಾಣುತ್ತವೆ, ಎಷ್ಟು ನಡೆದರೂ ಹತ್ತಿರ ಬರುವುದಿಲ್ಲ. ಎರಡೂವರೆ ಗಂಟೆ ಇಟ್ಟುಕೊಳ್ಳಿ. ನಿಪ್ಪಟ್ಟು ಉಳಿಸಿಕೊಂಡಿದ್ದರೆ ತೆಗೆಯುವ ಹೊತ್ತು ಇದು.

7. ಕಾರಿನ ಹತ್ತಿರ

ಕಾರಿನಲ್ಲಿ ಮೊದಲೇ ಇಟ್ಟಿರಬೇಕಾದ್ದು: ಚಪ್ಪಲಿ, ಒಂದು ಜೊತೆ ಒಣಬಟ್ಟೆ, ಎರಡು ಕ್ಯಾನ್ ನೀರು, ದೊಡ್ಡ ಕಸದ ಚೀಲ. ತಿನ್ನುವುದನ್ನು, ವಾಸನೆ ಇರುವುದನ್ನು ಕಾರಿನಲ್ಲಿ ಬಿಡಬೇಡಿ, ಕರಡಿ ಇಲ್ಲಿಗೂ ಬರುತ್ತದೆ. ನಡೆದ ಬಟ್ಟೆ ಶೂ ಎಲ್ಲವನ್ನೂ ಕಸದ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಪಾಯ್ಸನ್ ಓಕ್‌ನ ಎಣ್ಣೆ ಸೀಟಿಗೆ ಹತ್ತಿದರೆ ಮುಂದಿನ ವಾರ ಮನೆಯವರಿಗೂ ತುರಿಕೆ. ಮನೆಗೆ ಹೋಗಿ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ, ಕೋಲಿನ ಹಿಡಿಯನ್ನೂ ಸೋಪು ಹಾಕಿ ತೊಳೆಯಿರಿ. ಮೈಮೇಲೆ ಉಣ್ಣಿ ಇದೆಯಾ ಅಂತ ಇನ್ನೊಂದು ಸಲ ನೋಡಿಕೊಳ್ಳಿ: ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂದೆ.

ಮನೆಯವರಿಗೆ ಮುಟ್ಟಿದೆವು ಅಂತ ಮೆಸೇಜ್ ಕಳಿಸಿ. ಬಾಡಿಗೆಗೆ ತಂದ ಡಬ್ಬವನ್ನು ತೊಳೆದು ಕೊಡಿ, ಚಟ್ನಿಪುಡಿಯ ಇಂಗಿನ ವಾಸನೆ ಒಂದು ತೊಳೆತಕ್ಕೆ ಹೋಗುವುದಿಲ್ಲ. ಆಮೇಲೆ ಗಾರ್ಬರ್‌ವಿಲ್‌ನಲ್ಲಿ ಹೊಟ್ಟೆ ತುಂಬ ಏನಾದರೂ ತಿಂದು, ನಿದ್ದೆ ಬಾರದವರ ಕೈಗೆ ಸ್ಟಿಯರಿಂಗ್ ಕೊಡಿ. ಇನ್ನೂ ನಾಲ್ಕು ಗಂಟೆ ದಾರಿ ಇದೆ.